ಅಂಗೈಯಗಲದ ಖರ್ಚು, ಅಂಗಳದಗಲದ ಆಟ

ಒಂದರಿಂದ ಮೂರು ವರ್ಷದ ಮಕ್ಕಳನ್ನು ನೋಡಿಕೊಳ್ಳುತ್ತ ಇಡೀ ದಿನ ಮನೆಯಲ್ಲಿಯೇ ಇರುವ ತಾಯಂದಿರು ಮತ್ತು ತಂದೆಯಂದಿರು ಬರೆದ ಪತ್ರಗಳಿಗೆ ಈ ಸಂಚಿಕೆಯ ಅಂಕಣವನ್ನು ಮೀಸಲಿಟ್ಟಿದ್ದೇನೆ. ಒಬ್ಬೊಬ್ಬರ ಪರಿಸ್ಥಿತಿ ಒಂದೊಂದು ಬಗೆಯದಾದರೂ ಪತ್ರಗಳ ಹಿಂದಿರುವ ಅಳುಕು ಒಂದೇ: ಕೈಯಲ್ಲಿ ಹಣ ಕಡಿಮೆ, ದಿನ ಬಹಳ ಉದ್ದ, ಮಗುವಿಗೆ ಸಿಗಬೇಕಾದದ್ದು ನಮ್ಮಿಂದ ಸಿಗುತ್ತಿಲ್ಲವೇನೋ. ಪತ್ರಗಳನ್ನು ಸ್ವಲ್ಪ ಸಂಕ್ಷೇಪಿಸಿದ್ದೇನೆ, ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ 19 ತಿಂಗಳು. ಅವಳಿಗಾಗಿ ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ಒಬ್ಬರ ಸಂಪಾದನೆಯಲ್ಲಿ ಸಂಸಾರ ನಡೆಯಬೇಕಾಗಿರುವುದರಿಂದ ಆಟಿಕೆಗಳಿಗೆ ಹೆಚ್ಚು ಖರ್ಚು ಮಾಡುವಂತಿಲ್ಲ. ಕೊಂಡು ತಂದದ್ದನ್ನೂ ಅವಳು ಐದು ನಿಮಿಷ ಆಡಿ ಎಸೆದುಬಿಡುತ್ತಾಳೆ. ಬೆಳಗಿನ ಹನ್ನೊಂದು ಗಂಟೆಯ ಹೊತ್ತಿಗೆ ನನಗೆ ತಿಳಿದ ಉಪಾಯಗಳೆಲ್ಲ ಮುಗಿದುಹೋಗಿರುತ್ತವೆ. ಅವಳನ್ನು ದಿನವಿಡೀ ಖುಷಿಯಾಗಿಡುವುದು ಹೇಗೆ?

ಉತ್ತರ: ಮಗುವನ್ನು ದಿನವಿಡೀ ಖುಷಿಯಾಗಿಡಬೇಕೆಂಬ ಹೊಣೆಯನ್ನು ಮೊದಲು ತಲೆಯಿಂದ ಇಳಿಸಿಡಿ. ಆ ಹೊಣೆಯನ್ನು ಹೊತ್ತವರು ಹನ್ನೊಂದು ಗಂಟೆಗೇ ದಣಿಯುವುದು ಸಹಜ. ಈ ವಯಸ್ಸಿನ ಮಗು ಒಂದೇ ವಸ್ತುವಿನ ಮೇಲೆ ಕೆಲವೇ ನಿಮಿಷ ಮನಸ್ಸು ನಿಲ್ಲಿಸಬಲ್ಲದು. ಹಾಗಾಗಿ ನಿಮ್ಮ ಮಗಳು ಐದು ನಿಮಿಷ ಆಡಿ ಬಿಟ್ಟಳೆಂದರೆ ಆ ಆಟಿಕೆಯಾಗಲಿ ನೀವಾಗಲಿ ಸೋತಂತಲ್ಲ.

ಹೊಸ ಆಟಿಕೆ ಕೊಳ್ಳುವ ಮುನ್ನ ಈಗಿರುವವುಗಳಲ್ಲಿ ಮುಕ್ಕಾಲು ಭಾಗವನ್ನು ಅವಳ ಕಣ್ಣಿಗೆ ಬೀಳದಂತೆ ಎತ್ತಿಡಿ. ಅಮೆರಿಕದ ಟೊಲಿಡೊ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಂದೂವರೆಯಿಂದ ಎರಡೂವರೆ ವರ್ಷದ 36 ಮಕ್ಕಳನ್ನು ಒಮ್ಮೆ 4 ಆಟಿಕೆಗಳೊಂದಿಗೆ, ಇನ್ನೊಮ್ಮೆ 16 ಆಟಿಕೆಗಳೊಂದಿಗೆ ಆಡಲು ಬಿಟ್ಟು ನೋಡಿದ್ದರು. ನಾಲ್ಕೇ ಆಟಿಕೆಗಳಿದ್ದಾಗ ಮಕ್ಕಳು ಒಂದೊಂದರೊಂದಿಗೂ ಹೆಚ್ಚು ಹೊತ್ತು ಆಡಿದರು, ಒಂದೇ ವಸ್ತುವನ್ನು ಹೆಚ್ಚು ಬಗೆಗಳಲ್ಲಿ ಬಳಸಿದರು. ನಾಲ್ಕೈದನ್ನು ಹೊರಗಿಟ್ಟು, ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಅದಲುಬದಲು ಮಾಡಿದರೆ ಒಳಗಿದ್ದ ಹಳೆಯ ಆಟಿಕೆಯೇ ಹೊಸದಾಗಿ ಕಾಣಿಸುತ್ತದೆ. ಇದಕ್ಕೆ ಬೇಕಾದದ್ದು ಒಂದು ಚೀಲ ಮತ್ತು ಕಪಾಟಿನಲ್ಲೊಂದು ಮೂಲೆ ಮಾತ್ರ.

ಇನ್ನು, ಅವಳು ಎಸೆಯುವುದರ ಬಗ್ಗೆ. ಒಂದು ವಾರ ಅವಳ ಕೈಗಳನ್ನಷ್ಟೇ ಗಮನಿಸುತ್ತ ಬನ್ನಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಕೆಲವು ಮಕ್ಕಳು ಎತ್ತರದಿಂದ ವಸ್ತುಗಳನ್ನು ಬೀಳಿಸಿ ಅವು ಹೇಗೆ ಬೀಳುತ್ತವೆಂದು ನೋಡುತ್ತಾರೆ. ಕೆಲವರು ಸಿಕ್ಕಿದ್ದನ್ನೆಲ್ಲ ಡಬ್ಬಿಗೆ ತುಂಬಿ, ಸುರಿದು, ಮತ್ತೆ ತುಂಬುತ್ತಾರೆ. ಕೆಲವರಿಗೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಸಾಮಾನು ಸಾಗಿಸುವುದೇ ಕೆಲಸ. ಇನ್ನು ಕೆಲವರು ಗೊಂಬೆ, ಚಮಚ, ತಮ್ಮ ಕಾಲು, ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತುತ್ತಾರೆ. ತಿಂಗಳುಗಟ್ಟಲೆ ಮರುಕಳಿಸುವ ಈ ಕ್ರಿಯೆಗಳ ಮೂಲಕವೇ ಮಗು ಭಾರ, ದೂರ, ಒಳಗು, ಹೊರಗು ಎಂಬುವನ್ನು ಅರಿತುಕೊಳ್ಳುತ್ತದೆ. ನನ್ನ ಮಗಳು ಎರಡರ ಹತ್ತಿರವಿದ್ದಾಗ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಒಂದು ತಗಡಿನ ಡಬ್ಬಿಗೆ ಒಂದೊಂದಾಗಿ ಹಾಕುವ ಕೆಲಸವನ್ನು ಸುಮಾರು ಒಂದು ತಿಂಗಳು ಮಾಡಿದಳು. ಪ್ರತಿ ಕ್ಲಿಪ್ಪು ತಳ ಮುಟ್ಟಿದಾಗಲೂ ತಲೆ ಎತ್ತಿ ನನ್ನ ಮುಖ ನೋಡುತ್ತಿದ್ದಳು. ಆ ಶಬ್ದ ನನಗೂ ಕೇಳಿಸಿತೇ ಎಂಬುದು ಅವಳಿಗೆ ತಿಳಿಯಬೇಕಾಗಿತ್ತು.

ಅವಳ ಒಲವು ತಿಳಿದ ಮೇಲೆ ಅದಕ್ಕೆ ತಕ್ಕುದನ್ನು ಒದಗಿಸುವುದು ಸುಲಭ. ಎಸೆಯುವವಳಿಗೆ ಕಾಲುಚೀಲಗಳನ್ನು ಸುತ್ತಿ ಮಾಡಿದ ಚೆಂಡುಗಳನ್ನೂ ಒಂದು ಬುಟ್ಟಿಯನ್ನೂ ಕೊಡಿ. ತುಂಬಿ ಸುರಿಯುವವಳಿಗೆ ಬೇರೆಬೇರೆ ಅಳತೆಯ ಡಬ್ಬಿ, ಲೋಟ, ಸೌಟುಗಳನ್ನು ಕೊಡಿ. ಸಾಗಿಸುವವಳಿಗೆ ಹಿಡಿಯಿರುವ ಒಂದು ಚೀಲ ಸಾಕು. ಬ್ರಿಟನ್ನಿನ ಶಿಶುಶಿಕ್ಷಣ ತಜ್ಞೆ ಎಲಿನರ್ ಗೋಲ್ಡ್‌ಶ್ಮೀಡ್ ಅವರು ಕುಳಿತು ಆಡುವ ಕೂಸುಗಳಿಗೆ ಮರ, ಲೋಹ, ಬಟ್ಟೆ, ಚರ್ಮಗಳಿಂದಾದ ನಿತ್ಯಬಳಕೆಯ ವಸ್ತುಗಳನ್ನು ತುಂಬಿದ ಬುಟ್ಟಿಯನ್ನೂ, ಎರಡನೆಯ ವರ್ಷದಲ್ಲಿರುವ ಮಕ್ಕಳಿಗೆ ಡಬ್ಬಿ, ಕೊಳವೆ, ಸರಪಳಿ, ಮುಚ್ಚಳಗಳ ರಾಶಿಯನ್ನೂ ಕೊಟ್ಟು, ದೊಡ್ಡವರು ಪಕ್ಕದಲ್ಲಿ ಸುಮ್ಮನೆ ಕುಳಿತಿರಬೇಕೆಂದು ಹೇಳುತ್ತಿದ್ದರು. ಸುಮ್ಮನೆ ಕುಳಿತಿರುವುದೇ ನಮಗೆ ಕಷ್ಟ. ಮಗು ಮುಚ್ಚಳವನ್ನು ತಲೆಕೆಳಗಾಗಿ ಹಿಡಿದಾಗ ನಮ್ಮ ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ. ಆ ಕೈಯನ್ನು ತಡೆದುಕೊಂಡರೆ ಐದು ನಿಮಿಷದ ಆಟ ಹದಿನೈದು ನಿಮಿಷವಾಗುವುದನ್ನು ನೀವೇ ಕಾಣುವಿರಿ.

ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಸಿಕ್ಕರೆ ಬಿಡಬೇಡಿ. ಅದು ಮೊದಲ ದಿನ ಮನೆ, ಮರುದಿನ ಬಂಡಿ, ಮೂರನೆಯ ದಿನ ಎರಡೂ ಬದಿ ತೆರೆದ ಸುರಂಗ. ಮೆದುವಾಗಿ ಹರಿಯತೊಡಗಿದ ಮೇಲೆ ಚಪ್ಪಟೆಯಾಗಿ ಹಾಸಿ ಬಣ್ಣ ಬಳಿಯುವ ಹಾಳೆಯಾಗುತ್ತದೆ. ಪೆಟ್ಟಿಗೆಯ ಪಿನ್ನುಗಳನ್ನೂ ಅಂಟುಪಟ್ಟಿಗಳನ್ನೂ ತೆಗೆದು ಕೊಡಬೇಕೆಂಬುದಷ್ಟೇ ಎಚ್ಚರಿಕೆ.

ಮನೆಯ ಸಾಮಾನು ಆಟಕ್ಕೆ ಬಂದಾಗ ಸುರಕ್ಷತೆಯ ಹೊಣೆ ಪೂರ್ತಿಯಾಗಿ ನಮ್ಮದು, ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳ ಬಿಡಿಭಾಗಗಳನ್ನು ಪರೀಕ್ಷಿಸಲು ಬಳಸುವ ಕೊಳವೆಯ ವ್ಯಾಸ ಸುಮಾರು 3.2 ಸೆಂಟಿಮೀಟರ್. ಅದರಲ್ಲಿ ಪೂರ್ತಿ ಹಿಡಿಸುವ ವಸ್ತು ಮಗುವಿನ ಗಂಟಲಿನಲ್ಲಿಯೂ ಸಿಕ್ಕಿಕೊಳ್ಳಬಹುದು. ಟಾಯ್ಲೆಟ್ ಪೇಪರಿನ ಒಳಗಿರುವ ರಟ್ಟಿನ ಕೊಳವೆ ಇದಕ್ಕಿಂತ ಸ್ವಲ್ಪ ಅಗಲವಾಗಿರುತ್ತದೆ. ಆ ಕೊಳವೆಯೊಳಗೆ ತೂರುವ ಯಾವ ವಸ್ತುವನ್ನೂ ಮಗುವಿನ ಕೈಗೆ ಕೊಡಬೇಡಿ. ಗುಂಡಿಯಾಕಾರದ ಬ್ಯಾಟರಿ ಮತ್ತು ಚಿಕ್ಕ ಅಯಸ್ಕಾಂತಗಳು ನುಂಗಿದರೆ ಒಳಗಿನ ಅಂಗಗಳನ್ನೇ ಗಾಯಗೊಳಿಸುತ್ತವೆ, ಅವು ಇರುವ ಯಾವ ಸಾಧನವೂ ಆಟದ ಬುಟ್ಟಿಗೆ ಬರಕೂಡದು. ಉದ್ದನೆಯ ದಾರ, ಗಾಳಿ ತುಂಬದ ಬಲೂನು, ಒಡೆದ ಬಲೂನಿನ ತುಂಡು, ತೆಳುವಾದ ಪ್ಲಾಸ್ಟಿಕ್ ಚೀಲ ಇವೂ ಬೇಡ.

ಪ್ರಶ್ನೆ: ನನ್ನ ಹೆಂಡತಿ ಉದ್ಯೋಗಕ್ಕೆ ಹೋಗುತ್ತಾರೆ, ಎರಡು ವರ್ಷ ನಾಲ್ಕು ತಿಂಗಳ ಮಗನನ್ನು ನಾನು ಮನೆಯಲ್ಲಿದ್ದು ನೋಡಿಕೊಳ್ಳುತ್ತೇನೆ. ಮನೆಗೆಲಸ ಮಾಡಲು ಹೊರಟರೆ ಅವನು ಕಾಲಿಗೆ ತೊಡರಿಕೊಳ್ಳುತ್ತಾನೆ, ಅವನ ಜೊತೆ ಆಡಲು ಕುಳಿತರೆ ಕೆಲಸವೆಲ್ಲ ಬಿದ್ದಿರುತ್ತದೆ. ಕೊನೆಗೆ ಎರಡೂ ಅರೆಬರೆಯಾಗಿ, ಸಂಜೆಯ ಹೊತ್ತಿಗೆ ನಾನು ಸಿಡುಕುತ್ತಿರುತ್ತೇನೆ. ಕೆಲಸವನ್ನೂ ಆಟವನ್ನೂ ಸರಿದೂಗಿಸುವುದು ಹೇಗೆ?

ಉತ್ತರ: ನಿಮ್ಮ ಮಗ ಕಾಲಿಗೆ ತೊಡರಿಕೊಳ್ಳುವುದು ನಿಮ್ಮನ್ನು ಕೆಲಸದಿಂದ ಬಿಡಿಸುವುದಕ್ಕಲ್ಲ, ಆ ಕೆಲಸದೊಳಗೆ ತನಗೂ ಜಾಗ ಬೇಕೆಂದು. ಮರಿಯಾ ಮಾಂಟೆಸ್ಸೊರಿ ಅವರು 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ತಮ್ಮ ಮೊದಲ ಮಕ್ಕಳಮನೆಯನ್ನು ತೆರೆದಾಗ ಚಿಕ್ಕ ಮಕ್ಕಳಿಗೆ ಗುಡಿಸುವ, ಒರೆಸುವ, ಕೈತೊಳೆಯುವ, ಗುಂಡಿ ಹಾಕುವ ಕೆಲಸಗಳನ್ನು ಅವರ ಅಳತೆಯ ಸಲಕರಣೆಗಳೊಂದಿಗೆ ಕಲಿಸಿದರು. ಮಕ್ಕಳು ಅಂಥ ಕೆಲಸಗಳಲ್ಲಿ ತಲ್ಲೀನರಾಗುವುದನ್ನು ಅವರು ಮತ್ತೆಮತ್ತೆ ಕಂಡರು. ದೊಡ್ಡವರು ನಿಜವಾಗಿ ಮಾಡುವ ಕೆಲಸದ ಮೇಲೆ ಮಗುವಿಗಿರುವ ಗೌರವವನ್ನು ಅದೇ ಕೆಲಸದ ಆಟಿಕೆ ರೂಪ ಎಂದೂ ಪಡೆಯಲಾರದು.

ಹಾಗಾದರೆ ನಾಳೆ ಬೆಳಿಗ್ಗೆ ಏನು ಮಾಡಬಹುದು? ಬಟ್ಟೆ ಒಗೆಯುವ ದಿನವಾದರೆ, ಹಸಿ ಬಟ್ಟೆಗಳಲ್ಲಿ ಚಿಕ್ಕವನ್ನು ಅವನು ಬುಟ್ಟಿಯಿಂದ ಎತ್ತಿ ನಿಮ್ಮ ಕೈಗೆ ಕೊಡಲಿ. ಒಣಗಿದ ಬಟ್ಟೆ ಮಡಚುವಾಗ ಅಪ್ಪನದು, ಅಮ್ಮನದು, ತನ್ನದು ಎಂದು ಮೂರು ರಾಶಿ ಮಾಡುವ ಕೆಲಸ ಅವನದಾಗಲಿ, ಕಾಲುಚೀಲಗಳ ಜೋಡಿ ಹುಡುಕುವುದು ಈ ವಯಸ್ಸಿಗೆ ಒಳ್ಳೆಯ ಸವಾಲು. ನೆಲ ಒರೆಸುವಾಗ ಅವನ ಕೈಗೂ ಹಿಂಡಿದ ಒಂದು ಬಟ್ಟೆಯ ತುಂಡನ್ನು ಕೊಟ್ಟು ಒಂದು ಚೌಕವನ್ನು ತೋರಿಸಿ, ಇದು ನಿನ್ನ ಪಾಲು ಎನ್ನಿ. ಅಡುಗೆಗೆ ಕುಳಿತಾಗ ಸೊಪ್ಪು ಹರಿಯುವುದು, ತರಕಾರಿ ತೊಳೆಯುವುದು, ತಣ್ಣನೆಯ ಪಾತ್ರೆಯಲ್ಲಿ ಕಲಸುವುದು ಅವನಿಂದ ಆಗುತ್ತದೆ. ಬಿಸಿಯ ಹತ್ತಿರ, ಚೂಪಾದವುಗಳ ಹತ್ತಿರ ಮಾತ್ರ ಅವನು ಬರಕೂಡದು, ಆ ಗೆರೆ ಪ್ರತಿದಿನವೂ ಒಂದೇ ಜಾಗದಲ್ಲಿರಲಿ. ಗಿಡಗಳಿಗೆ ನೀರುಣಿಸುವ ಪುಟ್ಟ ಮಗ್ಗು ಅವನದೆಂದು ಗುರುತಿರಲಿ.

ಹೀಗೆ ಮಾಡಿದರೆ ಹತ್ತು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಇದನ್ನು ಮೊದಲೇ ಒಪ್ಪಿಕೊಳ್ಳದಿದ್ದರೆ ನೀವು ಮತ್ತೆ ಸಿಡುಕುವಿರಿ. ಆದರೆ ಲೆಕ್ಕವನ್ನು ಬೇರೆ ರೀತಿಯಲ್ಲಿ ನೋಡಿ: ಆ ಅರ್ಧ ಗಂಟೆಯಲ್ಲಿ ಕೆಲಸವೂ ಮುಗಿಯಿತು, ಮಗುವಿನ ಆಟವೂ ಆಯಿತು, ನೂರಾರು ಮಾತುಗಳೂ ಅವನ ಕಿವಿಗೆ ಬಿದ್ದವು. ಎರಡರ ಆಸುಪಾಸಿನಲ್ಲಿ ಮಕ್ಕಳು ಎರಡೆರಡು ಪದಗಳನ್ನು ಜೋಡಿಸಿ ಮಾತಾಡತೊಡಗುತ್ತಾರೆ. ಕೈಯಲ್ಲಿರುವ ವಸ್ತುವಿನ ಹೆಸರು, ಅದರ ಗುಣ, ಅದರೊಡನೆ ನಡೆಯುವ ಕ್ರಿಯೆ, ಇವು ಒಟ್ಟೊಟ್ಟಿಗೆ ಕೇಳಿಸಿದಾಗ ಮಾತು ಬೇಗ ಹತ್ತುತ್ತದೆ. ಒದ್ದೆ ಅಂಗಿ, ಭಾರದ ಬುಟ್ಟಿ, ಹಿಂಡು, ಕೊಡವು, ಎಂದು ನೀವು ಆಡುತ್ತ ಹೋಗುವ ಮಾತುಗಳಿಗಿಂತ ಒಳ್ಳೆಯ ಪಾಠಪುಸ್ತಕವನ್ನು ನಾನು ಕಂಡಿಲ್ಲ. ಅವಸರದ ಕೆಲಸಗಳನ್ನು ಅವನು ಮಲಗಿದ ಹೊತ್ತಿಗೆ ಎತ್ತಿಡಿ. ಅವನು ಒರೆಸಿದ ಚೌಕವನ್ನು ಅವನೆದುರಿಗೇ ಮತ್ತೊಮ್ಮೆ ಒರೆಸಬೇಡಿ. ತನ್ನ ಕೆಲಸಕ್ಕೆ ಬೆಲೆಯಿಲ್ಲವೆಂಬುದು ಮಾತು ಬಾರದ ಮಗುವಿಗೂ ತಿಳಿಯುತ್ತದೆ.

ಇದರ ಜೊತೆಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹತ್ತು ಹದಿನೈದು ನಿಮಿಷ ಫೋನನ್ನು ಬೇರೆ ಕೋಣೆಯಲ್ಲಿಟ್ಟು ನೆಲದ ಮೇಲೆ ಅವನ ಪಕ್ಕದಲ್ಲಿ ಕೂತುಬಿಡಿ. ಆಗ ಆಟದ ಯಜಮಾನಿಕೆ ಅವನದು. ನೀವು ಕಲಿಸುವುದು ಬೇಡ, ಪ್ರಶ್ನೆ ಕೇಳುವುದೂ ಬೇಡ. ಅವನು ಏನು ಮಾಡುತ್ತಿದ್ದಾನೋ ಅದನ್ನು ನೀವೂ ಮಾಡಿ. ಆ ಹದಿನೈದು ನಿಮಿಷ ಪೂರ್ತಿಯಾಗಿ ಸಿಕ್ಕ ಮಗು ನಂತರ ಸ್ವಲ್ಪ ಹೊತ್ತು ತನ್ನಷ್ಟಕ್ಕೆ ಆಡಲು ಒಪ್ಪುವುದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಅರೆಮನಸ್ಸಿನ ಎರಡು ಗಂಟೆ ಕೊಟ್ಟರೂ ಆ ತೃಪ್ತಿ ಅವನಿಗೆ ಬರುವುದಿಲ್ಲ.

ಪ್ರಶ್ನೆ: ಹಿಟ್ಟು, ನೀರು, ಬಣ್ಣಗಳ ಆಟವಾಡಿಸಿ ಎಂದು ಎಲ್ಲರೂ ಸಲಹೆ ಕೊಡುತ್ತಾರೆ. ಒಂದು ಸಲ ಆಡಿಸಿದರೆ ಮನೆಯನ್ನು ಚೊಕ್ಕಟಗೊಳಿಸುವುದರಲ್ಲೇ ನನ್ನ ಅರ್ಧ ದಿನ ಹೋಗುತ್ತದೆ. ಇದು ಬೇಕೇಬೇಕೇ?

ಉತ್ತರ: ಪ್ರತಿದಿನ ಬೇಕಿಲ್ಲ. ಸ್ನಾನಕ್ಕೆ ಸ್ವಲ್ಪ ಮುಂಚೆ, ಸ್ನಾನದ ಮನೆಯಲ್ಲಿಯೇ ಆಡಿಸಿದರೆ ಮಗುವನ್ನೂ ನೆಲವನ್ನೂ ಒಂದೇ ನೀರಿನಲ್ಲಿ ತೊಳೆಯಬಹುದು. ಬಣ್ಣದ ಬದಲು ಬರೀ ನೀರು ಮತ್ತು ಅಗಲವಾದ ಬ್ರಷ್ ಕೊಡಿ. ಒಣಗಿದ ಗೋಡೆ ಅಥವಾ ನೆಲದ ಮೇಲೆ ನೀರಿನಿಂದ ಬರೆದದ್ದು ಎದ್ದು ಕಾಣುತ್ತದೆ, ಒಣಗುತ್ತ ಮಾಯವಾಗುತ್ತದೆ, ಮಗು ಮತ್ತೆ ಬರೆಯುತ್ತದೆ. ಒರೆಸುವ ಕೆಲಸವೇ ಇರುವುದಿಲ್ಲ. ಹಿಟ್ಟನ್ನು ನೀರು ಮತ್ತು ಸ್ವಲ್ಪ ಎಣ್ಣೆ ಹಾಕಿ ನಾದಿ ಕೊಟ್ಟರೆ ಉದುರುವುದು ಕಡಿಮೆ. ಕೆಡದಿರಲೆಂದು ಅದಕ್ಕೆ ಉಪ್ಪನ್ನು ಧಾರಾಳವಾಗಿ ಬೆರೆಸುವವರಿದ್ದಾರೆ. ಎಲ್ಲವನ್ನೂ ಬಾಯಿಗಿಡುವ ವಯಸ್ಸಿನ ಮಗುವಿಗೆ ಅಷ್ಟು ಉಪ್ಪು ಅಪಾಯಕಾರಿಯಾದ್ದರಿಂದ ಅದನ್ನು ಬಿಟ್ಟು, ಆಯಾ ದಿನಕ್ಕೆ ಬೇಕಾದಷ್ಟನ್ನೇ ಕಲಸಿಕೊಳ್ಳಿ.

ನೀರಿನ ಆಟದ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಚಿಕ್ಕ ಮಗುವಿನ ತಲೆ ಮೈಗೆ ಹೋಲಿಸಿದರೆ ಭಾರ. ಬಕೆಟ್ಟಿನೊಳಗೆ ಬಗ್ಗಿ ತಲೆಕೆಳಗಾದರೆ ತಾನಾಗಿ ಮೇಲೇಳಲು ಅದಕ್ಕೆ ಆಗುವುದಿಲ್ಲ. ಒಂದೆರಡು ಅಂಗುಲ ನೀರಿನಲ್ಲಿಯೂ ಮಗು ಮುಳುಗಬಹುದು, ಮುಳುಗುವಾಗ ಸದ್ದೂ ಆಗುವುದಿಲ್ಲ. ಬಾಗಿಲಲ್ಲಿ ಯಾರೋ ಕರೆದರೆಂದು ಹೋಗಬೇಕಾಗಿ ಬಂದರೂ ಮಗುವನ್ನು ಎತ್ತಿಕೊಂಡೇ ಹೋಗಿ. ಆಟ ಮುಗಿದ ಕೂಡಲೆ ನೀರನ್ನು ಚೆಲ್ಲಿ ಪಾತ್ರೆಯನ್ನು ಬೋರಲು ಹಾಕಿ.

ಪ್ರಶ್ನೆ: ದುಡ್ಡು ಕೊಟ್ಟು ಆಡಿಸುವ ಜಾಗಗಳಿಗೆ ಮಗುವನ್ನು ಕರೆದೊಯ್ಯುವ ಶಕ್ತಿ ನಮಗಿಲ್ಲ. ಹೊರಗೆ ನಡೆಸಿಕೊಂಡು ಹೋಗೋಣವೆಂದರೆ ಒಂದೂವರೆ ವರ್ಷದ ಮಗ ಹತ್ತು ಹೆಜ್ಜೆಗೊಮ್ಮೆ ಕುಳಿತುಬಿಡುತ್ತಾನೆ. ಮಳೆ ಹಿಡಿದರೆ ಅದೂ ಇಲ್ಲ. ಅವನ ಮೈಗೆ ಬೇಕಾದ ಚಟುವಟಿಕೆ ಸಿಗುತ್ತಿಲ್ಲವೇನೋ ಎಂಬ ಚಿಂತೆ ನನಗೆ.

ಉತ್ತರ: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಒಂದು ಮತ್ತು ಎರಡು ವರ್ಷದ ಮಕ್ಕಳು ದಿನಕ್ಕೆ ಒಟ್ಟು 180 ನಿಮಿಷವಾದರೂ ಮೈಯಾಡಿಸಬೇಕು. ಮೂರು ಗಂಟೆ ಎಂದು ಕೇಳಿ ಗಾಬರಿಯಾಗಬೇಡಿ. ಅದು ಒಂದೇ ಸಮನೆ ಮಾಡುವ ವ್ಯಾಯಾಮವಲ್ಲ. ಮೆಟ್ಟಿಲು ಹತ್ತುವುದು, ಬುಟ್ಟಿ ಎಳೆಯುವುದು, ಮಂಚದ ಸುತ್ತ ಓಡುವುದು, ಹಾಡಿಗೆ ಕುಣಿಯುವುದು, ಎಲ್ಲವೂ ಆ ಲೆಕ್ಕಕ್ಕೆ ಸೇರುತ್ತವೆ. ದಿನದಲ್ಲಿ ಅಲ್ಲಲ್ಲಿ ಚದುರಿರುವ ಈ ನಿಮಿಷಗಳನ್ನು ಕೂಡಿಸಿದರೆ ಮೂರು ಗಂಟೆ ದೊಡ್ಡ ಮಾತಲ್ಲ.

ಹತ್ತು ಹೆಜ್ಜೆಗೊಮ್ಮೆ ಕುಳಿತುಬಿಡುವ ಮಗುವಿನೊಂದಿಗೆ ಹೊರಗೆ ಹೋಗುವಾಗ ತಲುಪಬೇಕಾದ ಜಾಗವನ್ನೇ ಇಟ್ಟುಕೊಳ್ಳಬೇಡಿ. ಅಂಗಡಿಗೋ ಬೇರೆ ಕೆಲಸಕ್ಕೋ ಹೋಗುವ ನಡಿಗೆ ಬೇರೆ, ಮಗುವಿನ ನಡಿಗೆ ಬೇರೆ. ಎರಡನ್ನೂ ಬೆರೆಸಿದರೆ ಇಬ್ಬರಿಗೂ ಕಣ್ಣೀರು. ಮಗುವಿನ ನಡಿಗೆಯಲ್ಲಿ ಒಂದು ಗಂಟೆಗೆ ನೂರು ಗಜ ದಾಟಿದರೂ ಸಾಕು. ಇರುವೆಯ ಸಾಲೊಂದು ಸಿಕ್ಕರೆ ಅದರ ಜೊತೆಯಲ್ಲಿಯೇ ಹೋಗಿ ಅದು ಎಲ್ಲಿ ಮುಗಿಯುತ್ತದೆಂದು ನೋಡಿ. ಗೇಟಿನ ಚಿಲಕ ತೆಗೆದು ಹಾಕುವುದು, ಒಣಗಿದ ಎಲೆಯ ಮೇಲೆ ಕಾಲಿಟ್ಟು ಸದ್ದು ಕೇಳುವುದು, ತನ್ನ ನೆರಳನ್ನು ತುಳಿಯಲು ಹೋಗಿ ಅದು ಸರಿದುಹೋಗುವುದನ್ನು ಕಂಡು ಬೆರಗಾಗುವುದು ಅವನ ಪಾಲಿನ ದೊಡ್ಡ ಪ್ರವಾಸ. ಕೈಯಲ್ಲೊಂದು ಚಿಕ್ಕ ಚೀಲವಿದ್ದರೆ ಅವನು ಆರಿಸಿದ ಕಡ್ಡಿ, ಎಲೆ, ಮುಷ್ಟಿಗಾತ್ರದ ಕಲ್ಲುಗಳು ಮನೆಗೆ ಬಂದು ಮರುದಿನದ ಆಟಕ್ಕೆ ಒದಗುತ್ತವೆ. ನೀವು ಒಂದು ಸಲ ಅವನ ಎತ್ತರಕ್ಕೆ ಕುಕ್ಕರಗಾಲಿನಲ್ಲಿ ಕುಳಿತು ಸುತ್ತ ನೋಡಿ. ಅವನು ಏಕೆ ನಿಂತನೆಂಬುದು ಆಗ ತಿಳಿಯುತ್ತದೆ.

ಮಳೆಯ ದಿನಕ್ಕೆ ದಿಂಬುಗಳ ಗುಡ್ಡ ಮಾಡಿ ಹತ್ತಿಸಿ. ನೆಲದ ಮೇಲೆ ಅಂಟುಪಟ್ಟಿಯಿಂದ ಒಂದು ಅಂಕುಡೊಂಕು ಗೆರೆ ಎಳೆದು ಅದರ ಮೇಲೆ ನಡೆಯಲು ಹೇಳಿ. ಎರಡು ಕುರ್ಚಿಗಳ ಮೇಲೆ ದುಪ್ಪಟಿ ಹೊದಿಸಿ ಗವಿ ಮಾಡಿ. ಕಣ್ಣಾಮುಚ್ಚಾಲೆಯ ರುಚಿ ಈ ವಯಸ್ಸಿನಲ್ಲಿ ವಿಶೇಷವಾದದ್ದು. ಕಣ್ಣಿಗೆ ಕಾಣದ ವಸ್ತುವೂ ಎಲ್ಲೋ ಇದ್ದೇ ಇರುತ್ತದೆಂಬ ಅರಿವು ಶೈಶವದಲ್ಲಿ ಹಂತಹಂತವಾಗಿ ಮೂಡುತ್ತದೆಂದು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜ್ಯಾನ್ ಪಿಯಾಜೆ ತಮ್ಮ ಮಕ್ಕಳನ್ನೇ ಗಮನಿಸುತ್ತ ವಿವರಿಸಿದ್ದರು. ಆ ಹೊಸ ಅರಿವನ್ನು ಮತ್ತೆಮತ್ತೆ ಪರೀಕ್ಷಿಸುವುದರಿಂದಲೇ, ನೀವು ಅದೇ ಬಾಗಿಲ ಹಿಂದೆ ಇಪ್ಪತ್ತನೆಯ ಸಲ ಅಡಗಿದರೂ ಮಗು ಮೊದಲ ಸಲದಷ್ಟೇ ಕೇಕೆ ಹಾಕುತ್ತದೆ.

ಪ್ರಶ್ನೆ: ಅಡುಗೆ ಮಾಡುವಾಗ ಮಗುವಿನ ಕೈಗೆ ಫೋನು ಕೊಡುವುದು ಅಭ್ಯಾಸವಾಗಿಬಿಟ್ಟಿದೆ. ಮಗುವಿಗೆ ಈಗ 22 ತಿಂಗಳು. ಬಿಡಿಸುವುದು ಹೇಗೆ?

ಉತ್ತರ: ಮೇಲೆ ಹೇಳಿದ ಮಾರ್ಗಸೂಚಿಯೇ, ಒಂದು ವರ್ಷದ ಮಕ್ಕಳಿಗೆ ಕುಳಿತು ಪರದೆ ನೋಡುವುದು ಬೇಡವೆಂದೂ ಎರಡು ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದೆಂದೂ ಹೇಳುತ್ತದೆ. ಇಷ್ಟು ದಿನ ಕೊಟ್ಟದ್ದಕ್ಕೆ ನೊಂದುಕೊಂಡು ಪ್ರಯೋಜನವಿಲ್ಲ. ಒಂಟಿಯಾಗಿ ಒಲೆಯ ಮುಂದೆ ನಿಂತವರಿಗೆ ಆ ಅರ್ಧ ಗಂಟೆ ಎಷ್ಟು ಅಗತ್ಯವೆಂಬುದನ್ನು ನಾನು ಬಲ್ಲೆ. ಅಡುಗೆಯ ಹೊತ್ತಿಗೆ ಮಾತ್ರ ತೆರೆಯುವ ಒಂದು ಕೆಳಗಿನ ಕಪಾಟನ್ನೋ ಪೆಟ್ಟಿಗೆಯನ್ನೋ ಮಗುವಿಗೆಂದು ಮೀಸಲಿಡಿ. ಒಡೆಯದ ಬಟ್ಟಲು, ಜರಡಿ, ಮರದ ಸೌಟು, ಮುಚ್ಚಳಗಳು ಅದರಲ್ಲಿರಲಿ. ಬೇರೆ ಹೊತ್ತಿನಲ್ಲಿ ಅದು ಮುಚ್ಚಿಯೇ ಇರುವುದರಿಂದ ಅದರ ಆಕರ್ಷಣೆ ಬಹುಕಾಲ ಉಳಿಯುತ್ತದೆ. ಮೊದಲ ಮೂರು ನಾಲ್ಕು ದಿನ ಮಗು ಫೋನಿಗಾಗಿ ರಚ್ಚೆ ಹಿಡಿಯುವುದು ಖಂಡಿತ. ಆ ದಿನಗಳಲ್ಲಿ ಬೇಗ ಮುಗಿಯುವ ಅಡುಗೆಯನ್ನೇ ಮಾಡಿ, ಫೋನು ಕಣ್ಣಿಗೆ ಬೀಳದಂತೆ ಇಡಿ, ಪಟ್ಟು ಸಡಿಲಿಸಬೇಡಿ.

ಪ್ರಶ್ನೆ: ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಎರಡು ವರ್ಷದ ಮಗನನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತೇನೆ. ಆದರೂ ಅವನೊಂದಿಗೆ ಕಳೆಯುವ ದಿನಗಳು ನನಗೆ ಬೇಸರ ತರಿಸುತ್ತವೆ. ಅದೇ ಪುಸ್ತಕ, ಅದೇ ಆಟ, ಅದೇ ಪ್ರಶ್ನೆ. ದಿನಕ್ಕೆ ಒಬ್ಬ ದೊಡ್ಡವರೊಂದಿಗೂ ನೆಟ್ಟಗೆ ನಾಲ್ಕು ಮಾತಾಡಿರುವುದಿಲ್ಲ. ತಪ್ಪು ನನ್ನದೇ?

ಉತ್ತರ: ತಪ್ಪು ನಿಮ್ಮದಲ್ಲ. ಪ್ರೀತಿ ಮತ್ತು ಬೇಸರ ಒಂದೇ ಮನಸ್ಸಿನಲ್ಲಿ ಒಂದೇ ದಿನ ಇರಬಲ್ಲವು, ಒಂದರಿಂದ ಇನ್ನೊಂದು ಸುಳ್ಳಾಗುವುದಿಲ್ಲ. ಮಗುವಿಗೆ ಮರುಕಳಿಕೆ ಬೇಕು, ಏಕೆಂದರೆ ಮುಂದೆ ಏನು ಬರುತ್ತದೆಂದು ಊಹಿಸಿ ಅದು ಸರಿಯಾದಾಗ ಸಿಗುವ ಸಂತೋಷ ಅದಕ್ಕೆ ಹೊಸದು. ದೊಡ್ಡವರ ಮನಸ್ಸು ಹೊಸತನ್ನು ಬೇಡುತ್ತದೆ. ಈ ಎರಡು ಹಸಿವುಗಳೂ ಒಂದೇ ಮನೆಯಲ್ಲಿ ತೀರಬೇಕಾಗಿರುವುದರಿಂದ ನಿಮ್ಮ ಹಸಿವಿಗೂ ದಿನದಲ್ಲಿ ಒಂದು ಪಾಲನ್ನು ತೆಗೆದಿಡಲೇಬೇಕು.

ನಿಮಗೆ ಏನು ಇಷ್ಟವೋ ಅದನ್ನು ಮಗುವಿನ ದಿನದೊಳಕ್ಕೆ ತನ್ನಿ. ಹಾಡು ಇಷ್ಟವಾದರೆ ಮಕ್ಕಳ ಹಾಡನ್ನೇ ಹಾಡಬೇಕೆಂಬ ನಿಯಮವಿಲ್ಲ, ನಿಮಗೆ ಪ್ರಿಯವಾದದ್ದನ್ನು ಹಾಡಿ, ಅವನು ಡಬ್ಬಿ ಬಡಿಯಲಿ. ಗಿಡ ಬೆಳೆಸುವುದು ಇಷ್ಟವಾದರೆ ಅವನಿಗೂ ಒಂದು ಕುಂಡ ಕೊಡಿ. ಚಿತ್ರ ಬರೆಯುವವರಾದರೆ ಒಂದೇ ದೊಡ್ಡ ಹಾಳೆಯ ಒಂದು ಕಡೆ ನೀವು, ಇನ್ನೊಂದು ಕಡೆ ಅವನು. ಅದೇ ಪುಸ್ತಕ ಓದಿ ಸಾಕಾಗಿದ್ದರೆ ಸಾರ್ವಜನಿಕ ಗ್ರಂಥಾಲಯದ ಸದಸ್ಯತ್ವ ಅತಿ ಕಡಿಮೆ ಖರ್ಚಿನ ಉಪಾಯ. ಮನೆಯ ಹಳೆಯ ಫೋಟೋಗಳನ್ನು ರಟ್ಟಿಗೆ ಅಂಟಿಸಿ ಅವನದೇ ಒಂದು ಪುಸ್ತಕ ಹೊಲಿದರೆ, ತನ್ನ ಮನೆಯವರ ಮುಖಗಳನ್ನು ತೋರಿಸುತ್ತ ಅವನೇ ನಿಮಗೆ ಕಥೆ ಹೇಳತೊಡಗುತ್ತಾನೆ.

ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮಂತೆಯೇ ಮನೆಯಲ್ಲಿರುವ ಒಬ್ಬರು ತಾಯಿಯನ್ನೋ ತಂದೆಯನ್ನೋ ಹುಡುಕಿಕೊಳ್ಳಿ. ಒಬ್ಬರು ಸಾಕು. ವಾರದಲ್ಲಿ ಎರಡು ದಿನ ಬೆಳಿಗ್ಗೆ ಒಮ್ಮೆ ನಿಮ್ಮ ಮನೆ, ಒಮ್ಮೆ ಅವರ ಮನೆ ಎಂದು ಸೇರಿ. ಅತಿಥಿ ಸತ್ಕಾರದ ಗೊಡವೆ ಇಬ್ಬರಿಗೂ ಬೇಡ, ಮನೆ ಇದ್ದಂತೆಯೇ ಇರಲಿ. ಮಕ್ಕಳಿಬ್ಬರೂ ಕೂಡಿ ಆಡುತ್ತಿಲ್ಲ, ಅಕ್ಕಪಕ್ಕ ಕೂತು ತಮ್ಮ ತಮ್ಮ ಆಟ ಆಡಿಕೊಳ್ಳುತ್ತಾರೆ ಎಂದು ನಿಮಗೆ ನಿರಾಸೆಯಾಗಬಹುದು. ಅಮೆರಿಕದ ಸಂಶೋಧಕಿ ಮಿಲ್‌ಡ್ರೆಡ್ ಪಾರ್ಟೆನ್ 1932ರಲ್ಲಿಯೇ ಈ ಬಗೆಯ ಜೊತೆಜೊತೆಯ ಆಟವನ್ನು ಗುರುತಿಸಿ ಅದಕ್ಕೊಂದು ಹೆಸರನ್ನೂ ಕೊಟ್ಟಿದ್ದರು. ಈ ವಯಸ್ಸಿಗೆ ಅದು ಸಹಜವಾದ ಒಡನಾಟ. ಒಬ್ಬ ಡಬ್ಬಿ ಬಡಿದರೆ ಸ್ವಲ್ಪ ಹೊತ್ತಿನಲ್ಲಿ ಇನ್ನೊಬ್ಬನೂ ಬಡಿಯುತ್ತಾನೆ. ಅಷ್ಟರಲ್ಲಿ ನೀವಿಬ್ಬರೂ ವಾಕ್ಯಗಳನ್ನು ಪೂರ್ತಿ ಮುಗಿಸುವಂತೆ ಮಾತಾಡಿರುತ್ತೀರಿ. ಎರಡು ಮನೆಗಳ ಆಟಿಕೆಗಳನ್ನು ತಿಂಗಳ ಮಟ್ಟಿಗೆ ಅದಲುಬದಲು ಮಾಡಿಕೊಂಡರೆ ಇಬ್ಬರಿಗೂ ಖರ್ಚು ಉಳಿಯುತ್ತದೆ. ನಂಬಿಕೆ ಬೆಳೆದ ಮೇಲೆ, ಒಬ್ಬರು ಎರಡೂ ಮಕ್ಕಳನ್ನು ನೋಡಿಕೊಳ್ಳುತ್ತಿರುವಾಗ ಇನ್ನೊಬ್ಬರು ಒಂದು ಗಂಟೆ ಹೊರಗೆ ಹೋಗಿ ಬರಬಹುದು.

ಒಂದು ಮತ್ತು ಎರಡು ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ 24 ಗಂಟೆಗಳಲ್ಲಿ 11ರಿಂದ 14 ಗಂಟೆಗಳ ನಿದ್ದೆ ಬೇಕು. ಮಗನ ಹಗಲು ನಿದ್ದೆಯ ಹೊತ್ತನ್ನೆಲ್ಲ ಮನೆಗೆಲಸಕ್ಕೇ ಕೊಟ್ಟುಬಿಡುವ ನಿಮ್ಮಂಥವರಿಗೆ ನನ್ನ ಕೋರಿಕೆಯೆಂದರೆ, ಅದರ ಮೊದಲ ಅರ್ಧ ಗಂಟೆಯನ್ನು ನಿಮಗಾಗಿ ಇಟ್ಟುಕೊಂಡು ಉಳಿದದ್ದನ್ನು ಮನೆಗೆ ಕೊಡಿ. ಕೊನೆಯ ಅರ್ಧ ಗಂಟೆ ನನ್ನದು ಎಂದುಕೊಂಡರೆ ಮಗು ಆಗಲೇ ಎದ್ದಿರುತ್ತದೆ. ಹಿಂದಿನ ಉತ್ತರವೊಂದರಲ್ಲಿ ಅವಸರದ ಕೆಲಸಗಳನ್ನು ಆ ಹೊತ್ತಿಗೆ ಎತ್ತಿಡಿ ಎಂದಿದ್ದೇನೆ. ಅವೂ ಈ ಅರ್ಧ ಗಂಟೆಯ ನಂತರವೇ ಶುರುವಾಗಲಿ.

ಇಷ್ಟೆಲ್ಲ ಮಾಡಿದರೂ ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲಿಯೂ ಮನಸ್ಸು ನಿಲ್ಲದಿದ್ದರೆ, ನಿದ್ದೆ ಊಟಗಳು ಕೆಟ್ಟರೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ, ಅದನ್ನು ಬೇಸರವೆಂದು ತಳ್ಳಿಹಾಕದೆ ವೈದ್ಯರನ್ನು ಕಾಣಿ. ಖಿನ್ನತೆಗೆ ಚಿಕಿತ್ಸೆಯಿದೆ. ನಿಮಗೆ ಅಥವಾ ಮಗುವಿಗೆ ಹಾನಿ ಮಾಡಿಬಿಡುವೆನೇನೋ ಎಂಬ ಯೋಚನೆ ಒಮ್ಮೆ ಬಂದರೂ ಎರಡು ವಾರ ಕಾಯುವುದು ಬೇಡ, ಅಂದೇ ಮನೆಯವರಿಗೆ ಹೇಳಿ, ಅಂದೇ ವೈದ್ಯರಲ್ಲಿಗೆ ಹೋಗಿ.

ಇನ್ನೊಂದು ಚಿಕ್ಕ ಸಲಹೆಯನ್ನು ನನ್ನ ಅನುಭವದಿಂದ ಕೊಡುತ್ತೇನೆ. ಒಂದು ಹಳೆಯ ನೋಟುಪುಸ್ತಕವನ್ನು ಅಡುಗೆಮನೆಯಲ್ಲಿಟ್ಟು, ದಿನಕ್ಕೆ ಒಂದೇ ಸಾಲು ಬರೆಯಿರಿ: ಇಂದು ಮಗ ಹೇಳಿದ ಹೊಸ ಮಾತು, ಅಥವಾ ಇಂದು ಅವನು ಮೊದಲ ಸಲ ಮಾಡಿದ ಒಂದು ಕೆಲಸ. ಆ ಒಂದು ಸಾಲಿಗಾಗಿ ದಿನವಿಡೀ ಕಣ್ಣು ಕಿವಿ ತೆರೆದಿಡುವುದು ನನಗೆ ಕ್ರಮೇಣ ಹುಡುಕಾಟವೇ ಆಗಿಹೋಯಿತು. ಬರೆಯಲು ಏನೂ ಸಿಗದ ದಿನ ದಿನಾಂಕವನ್ನಷ್ಟೇ ಬರೆದು ಮಲಗುತ್ತಿದ್ದೆ.